ಪಾನಾ ಹಿಡಿದ ಕೈಯೂ ಓದಿದ ಕೈಯೇ

(ಹಿಪ್ಪರಗಿಯ ವಿದ್ಯಾರ್ಥಿವೇತನ ವಿತರಣಾ ಸಭೆಯಲ್ಲಿ ಗ್ಯಾರೇಜಿನ ಹಿರಿಯ ಉಸ್ತಾದರೊಬ್ಬರು ಮಾಡಿದ ಭಾಷಣ)





ಡಿಗ್ರಿ, ಡಿಪ್ಲೊಮಾ, ನರ್ಸಿಂಗ್ ಓದುವ ಮಕ್ಕಳ ಹೆಸರು ಕೂಗಿದಾಗ ನೀವೆಲ್ಲ ಚಪ್ಪಾಳೆ ತಟ್ಟಿದಿರಿ. ಬಹಳ ಸಂತೋಷ. ನಾನು ಮಾತಾಡುವುದು ಹೆಸರು ಕೂಗದೇ ಉಳಿದ ಮಕ್ಕಳ ಬಗ್ಗೆ. ಎಸ್ಸೆಸ್ಸೆಲ್ಸಿಗೋ ಪಿಯುಸಿಗೋ ಓದು ನಿಂತು, "ಹೋಗಲಿ ಬಿಡು, ಗ್ಯಾರೇಜಿಗಾದರೂ ಹೋಗಲಿ" ಅಂತ ಮನೆಯವರು ಕಳಿಸುವ ಹುಡುಗರ ಬಗ್ಗೆ. ಆ "ಗ್ಯಾರೇಜಿಗಾದರೂ" ಅನ್ನುವ ಮಾತಿನಲ್ಲೇ ಅರ್ಧ ತೊಂದರೆ ಇದೆ. ಹುಡುಗ ಸೋತು ಬಂದಿದ್ದಾನೆ ಅಂತ ಮನೆಯವರೂ ನಂಬುತ್ತಾರೆ, ಅವನೂ ನಂಬುತ್ತಾನೆ. ಹಾಗೆ ನಂಬಿದವನು ಕಲಿಯುವುದಿಲ್ಲ, ದಿನ ಕಳೆಯುತ್ತಾನೆ.

ನಾನು ಹೇಳುವುದು ಒಂದೇ ಮಾತು. ಮೋಟರ್ ಸೈಕಲ್ ಕೆಲಸವೂ ಒಂದು ಓದು. ಅದನ್ನು ಓದಿನ ಹಾಗೆ, "ಯಾಕೆ" ಅಂತ ಕೇಳಿ ಕಲಿತರೆ ಆಯುಷ್ಯಪೂರ್ತಿ ಅನ್ನ ಹಾಕುತ್ತದೆ. ಬರೀ ನೋಡಿ ನೋಡಿ ಕೈಗೆ ಹತ್ತಿಸಿಕೊಂಡರೆ ಗಾಡಿ ಬದಲಾದ ದಿನ ಆ ವಿದ್ಯೆ ಹಳತಾಗುತ್ತದೆ.

ಗಾಡಿ ಬದಲಾಗುತ್ತಲೇ ಇರುತ್ತದೆ

ನಮ್ಮ ರಾಜ್ಯದ್ದೇ ಉದಾಹರಣೆ ನೋಡ್ರಿ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ ಜಾವಾ, ಆಮೇಲೆ ಯೆಜ್ಡಿ ಗಾಡಿಗಳು ತಯಾರಾದವು. ಅವು ಟು-ಸ್ಟ್ರೋಕ್. ಪೆಟ್ರೋಲಿನಲ್ಲೇ ಆಯಿಲ್ ಬೆರೆಸಿ ಹಾಕಬೇಕು. ಅವಕ್ಕೆ ಇಂದಿನ ಗಾಡಿಗಳಂಥ ವಾಲ್ವೂ ಇಲ್ಲ, ಟ್ಯಾಪೆಟ್ಟೂ ಇಲ್ಲ. 1985ರಲ್ಲಿ ಹೀರೋ ಹೋಂಡಾ ಸಿಡಿ 100 ಬಂತು, ಅದು ಫೋರ್-ಸ್ಟ್ರೋಕ್. ಆಯಿಲ್ ಬೇರೆ, ಪೆಟ್ರೋಲ್ ಬೇರೆ. ಜನ ಮೈಲೇಜ್ ಲೆಕ್ಕ ಹಾಕತೊಡಗಿದರು. 1996ರಲ್ಲಿ ಮೈಸೂರಿನ ಆ ಕಾರ್ಖಾನೆ ಮುಚ್ಚಿತು.

2019ರ ಏಪ್ರಿಲ್‌ನಿಂದ 125 ಸಿಸಿ ಮೀರಿದ ಹೊಸ ಗಾಡಿಗಳಿಗೆ ಎಬಿಎಸ್ ಬ್ರೇಕ್ ಕಡ್ಡಾಯವಾಯಿತು. 2020ರ ಏಪ್ರಿಲ್ 1ರಿಂದ ಬಿಎಸ್-6 ನಿಯಮ ಬಂತು. ಅದರೊಂದಿಗೆ ಹೆಚ್ಚಿನ ಹೊಸ ಗಾಡಿಗಳಲ್ಲಿ ಕಾರ್ಬೋರೇಟರ್ ಹೋಗಿ ಫ್ಯೂಯಲ್ ಇಂಜೆಕ್ಷನ್ ಬಂತು. ಈಗ ಬ್ಯಾಟರಿ ಗಾಡಿಗಳೂ ಓಡುತ್ತಿವೆ.

ಪ್ರತಿ ಸಲ ಗಾಡಿ ಬದಲಾದಾಗ ಮಿಸ್ತ್ರಿಗಳು ಎರಡು ಪಾಲಾಗುತ್ತಾರೆ. "ಈ ಸ್ಕ್ರೂ ಎರಡು ಸುತ್ತು ತಿರುಗಿಸು" ಅಂತ ಮಾತ್ರ ಕಲಿತವನಿಗೆ ಆ ಸ್ಕ್ರೂ ಇಲ್ಲದ ಗಾಡಿ ಬಂದಾಗ ಕೈಕಾಲು ಆಡುವುದಿಲ್ಲ. ಆ ಸ್ಕ್ರೂ ಗಾಳಿ ಮತ್ತು ಪೆಟ್ರೋಲಿನ ಪ್ರಮಾಣ ಹೊಂದಿಸುತ್ತಿತ್ತು ಅಂತ ತಿಳಿದವನು, "ಹಾಗಾದರೆ ಇದರಲ್ಲಿ ಆ ಕೆಲಸ ಯಾರು ಮಾಡುತ್ತಾರೆ?" ಅಂತ ಕೇಳುತ್ತಾನೆ. ಸೆನ್ಸರ್ ಅಳೆಯುತ್ತದೆ, ಇಸಿಯು ಲೆಕ್ಕ ಹಾಕುತ್ತದೆ, ಇಂಜೆಕ್ಟರ್ ಸಿಂಪಡಿಸುತ್ತದೆ ಅಂತ ತಿಳಿದುಕೊಳ್ಳುತ್ತಾನೆ. ಅವನ ಅಂಗಡಿ ಉಳಿಯುತ್ತದೆ.

ನೇಕಾರರ ಮಕ್ಕಳಿಗೆ ಅರ್ಧ ಗೊತ್ತೇ ಇದೆ

ಇಂಜಿನ್ ಅಂದರೆ ದೊಡ್ಡ ವಿದ್ಯೆ ಅಂತ ಹೆದರಬೇಡಿರಿ. ಬೆಲ್ಲದ ಗಾಣ ಕಂಡಿದ್ದೀರಲ್ಲ? ಒಲೆಗೆ ಸಿಪ್ಪೆ ಹಾಕುತ್ತಾರೆ. ಗಾಳಿ ಸರಿಯಾಗಿ ಆಡಿದರೆ ಉರಿ ಚೆನ್ನಾಗಿ ಏಳುತ್ತದೆ, ಗಾಳಿ ಕಟ್ಟಿದರೆ ಕರಿ ಹೊಗೆ. ಇಂಜಿನ್ನಿನ ಒಳಗೂ ಅದೇ ಕಥೆ. ಪೆಟ್ರೋಲ್ ಬೇಕು, ಗಾಳಿ ಬೇಕು, ಕಿಡಿ ಬೇಕು, ಮತ್ತು ಇವನ್ನು ಒತ್ತಿ ಹಿಡಿಯುವ ಕಂಪ್ರೆಶನ್ ಬೇಕು. ಗಾಡಿ ಸ್ಟಾರ್ಟ್ ಆಗಲಿಲ್ಲ ಅಂದರೆ ಈ ನಾಲ್ಕರಲ್ಲಿ ಒಂದು ಇಲ್ಲ ಅಂತ ಅರ್ಥ. ಏರ್ ಫಿಲ್ಟರಿನಲ್ಲಿ ನಮ್ಮ ಎರಿ ಮಣ್ಣಿನ ಧೂಳು ತುಂಬಿದರೆ ಗಾಣದ ಒಲೆಗೆ ಆದದ್ದೇ ಆಗುತ್ತದೆ: ಪ್ಲಗ್ ಕರಿ ಹಿಡಿಯುತ್ತದೆ, ಪೆಟ್ರೋಲ್ ಹೆಚ್ಚು ಕುಡಿಯುತ್ತದೆ.

ರಬಕವಿ-ಬನಹಟ್ಟಿಯ ಮಕ್ಕಳಿಗೆ ಇನ್ನೊಂದು ಮಾತು. ನಿಮ್ಮ ಮನೆಯ ಪವರ್‌ಲೂಮ್ ಮಗ್ಗದಲ್ಲಿ ಮೇಲೊಂದು ಕ್ರ್ಯಾಂಕ್ ಶಾಫ್ಟ್ ಇದೆ, ಕೆಳಗೊಂದು ಬಾಟಮ್ ಶಾಫ್ಟ್ ಇದೆ. ಮೇಲಿನದು ಎರಡು ಸುತ್ತು ತಿರುಗಿದರೆ ಕೆಳಗಿನದು ಒಂದು ಸುತ್ತು. ಸಾದಾ ನೇಯ್ಗೆಯಲ್ಲಿ ಆ ಕೆಳಗಿನ ಶಾಫ್ಟಿನ ಟ್ಯಾಪೆಟ್‌ಗಳೇ ಎಳೆಗಳನ್ನು ಮೇಲೆ ಕೆಳಗೆ ಮಾಡುತ್ತವೆ. ಫೋರ್-ಸ್ಟ್ರೋಕ್ ಇಂಜಿನ್ನಿನಲ್ಲೂ ಲೆಕ್ಕ ಅದೇ. ಕ್ರ್ಯಾಂಕ್ ಎರಡು ಸುತ್ತು, ಕ್ಯಾಮ್ ಶಾಫ್ಟ್ ಒಂದು ಸುತ್ತು. ಕ್ಯಾಮ್ ಸಮಯಕ್ಕೆ ಸರಿಯಾಗಿ ವಾಲ್ವ್ ತೆರೆಯುತ್ತದೆ. ಇಲ್ಲೂ ಟ್ಯಾಪೆಟ್ ಅಂತಲೇ ಕರೆಯುತ್ತೇವೆ. ಎಳೆಯುವುದು, ಒತ್ತುವುದು, ಉರಿಸುವುದು, ಹೊರಗೆ ತಳ್ಳುವುದು: ಈ ನಾಲ್ಕು ಹೆಜ್ಜೆಗೆ ಎರಡು ಸುತ್ತು ಬೇಕು, ಅದಕ್ಕೇ ಎರಡಕ್ಕೊಂದು. ನಿಮಿಷಕ್ಕೆ 6000 ಸುತ್ತು ಓಡುವ ಇಂಜಿನ್ನಿನಲ್ಲಿ ಸೆಕೆಂಡಿಗೆ 50 ಸಲ ಉರಿ ಹೊತ್ತುತ್ತದೆ. ಮಗ್ಗದ ಸದ್ದು ಬದಲಾದದ್ದನ್ನು ಒಳಮನೆಯಿಂದಲೇ ಕೇಳಿ ಹೇಳುವ ತಾಯಿಯ ಮಗನಿಗೆ ಟ್ಯಾಪೆಟ್ ಸದ್ದು ಗುರುತಿಸಲು ಎಷ್ಟು ದಿನ ಬೇಕು?

ಹೊಸಬನು ಎಲ್ಲಿಂದ ಶುರು ಮಾಡಬೇಕು

ಕಲಿಯಲು ಬರುವ ಹುಡುಗರಿಗೆ ಮೊದಲ ದಿನವೇ ಇಂಜಿನ್ ಬಿಚ್ಚುವ ಆಸೆ. ಅದು ಕೊನೆಯ ಪಾಠ. ಮೊದಲ ಪಾಠ ಗಾಡಿ ತೊಳೆಯುವುದು. ತೊಳೆಯುವಾಗ ಆಯಿಲ್ ಎಲ್ಲಿ ಜಿನುಗಿದೆ, ಯಾವ ನಟ್ಟು ಸಡಿಲಿದೆ, ಯಾವ ವೈರಿನ ಮೈ ಸವೆದಿದೆ ಅಂತ ಕಣ್ಣಿಗೆ ಬೀಳುತ್ತದೆ. ಎರಡನೆಯದು ಗಾಡಿಯ ಜೊತೆ ಬರುವ ಮಾಲೀಕರ ಪುಸ್ತಕ ಓದುವುದು. ಎಷ್ಟು ಆಯಿಲ್, ಯಾವ ದರ್ಜೆ, ಟೈರಿಗೆ ಎಷ್ಟು ಗಾಳಿ, ಎಷ್ಟು ಕಿಲೋಮೀಟರಿಗೆ ಏನು ಬದಲಿಸಬೇಕು, ಎಲ್ಲವೂ ಅದರಲ್ಲಿದೆ. ಓದಲು ಬರುವ ಹುಡುಗನಿಗೆ ಇಲ್ಲೇ ಲಾಭ ಶುರುವಾಗುತ್ತದೆ.

ಆಮೇಲೆ ಚೈನ್. ನಮ್ಮ ಕಡೆಯ ಗಾಡಿಗಳು ಕಬ್ಬಿನ ಹೊಲದ ಕೆಸರಿನಲ್ಲೂ ಹೋಗುತ್ತವೆ, ಹಾಲಿನ ಕ್ಯಾನೂ ಹೊರುತ್ತವೆ. ಚೈನ್ ಬೇಗ ಸವೆಯುತ್ತದೆ. ಸಾಮಾನ್ಯ ಗಾಡಿಗಳಲ್ಲಿ ಕೆಳಗಿನ ಚೈನ್ ನಡುವೆ ಬೆರಳಿನಿಂದ ಎತ್ತಿದರೆ ಸುಮಾರು 2ರಿಂದ 3 ಸೆಂ.ಮೀ. ಆಡಬೇಕು. ಹೆಚ್ಚು ಬಿಗಿ ಮಾಡಿದರೆ ಬೇರಿಂಗ್ ಹೋಗುತ್ತದೆ, ಸಡಿಲ ಬಿಟ್ಟರೆ ಚೈನ್ ಕಳಚುತ್ತದೆ. ಚೈನ್ ಕವರಿಗೆ ನೋಡಲೆಂದೇ ಒಂದು ರಬ್ಬರ್ ಮುಚ್ಚಳ ಇರುತ್ತದೆ. ಎಷ್ಟೋ ಮಾಲೀಕರು ಅದನ್ನು ಒಮ್ಮೆಯೂ ತೆಗೆದಿರುವುದಿಲ್ಲ.

ಮುಂದೆ ಇಂಜಿನ್ ಆಯಿಲ್. ಸಾಮಾನ್ಯ ಗಾಡಿಗೆ ಹಿಡಿಸುವುದು ಸುಮಾರು ಒಂದು ಲೀಟರ್. ಕಾರಿನ ಆಯಿಲ್ ಅಗ್ಗವಾಗಿ ಸಿಕ್ಕಿತು ಅಂತ ಹಾಕಬಾರದು. ಯಾಕೆ? ಹೆಚ್ಚಿನ ಗೇರ್ ಗಾಡಿಗಳಲ್ಲಿ ಕ್ಲಚ್ ಪ್ಲೇಟುಗಳು ಅದೇ ಆಯಿಲಿನಲ್ಲಿ ಮುಳುಗಿರುತ್ತವೆ. ತಪ್ಪು ಆಯಿಲ್ ಹಾಕಿದರೆ ಕ್ಲಚ್ ಜಾರಬಹುದು. ಇದಕ್ಕಾಗಿಯೇ ಡಬ್ಬದ ಮೇಲೆ ಜಾಸೋ ಎಂಎ ಅಂತ ಗುರುತು ಇರುತ್ತದೆ. ಗುರುತು ನೋಡಿ ಹಾಕುವವನು ಮಿಸ್ತ್ರಿ, ಬಣ್ಣ ನೋಡಿ ಹಾಕುವವನು ಇನ್ನೂ ಕಲಿಯಬೇಕು.

ಅದರ ನಂತರ ಕ್ಲಚ್ ಲಿವರಿನ ಆಟ, ಬ್ರೇಕ್ ಶೂ, ಡಿಸ್ಕ್ ಪ್ಯಾಡ್, ಪ್ಲಗ್, ಬ್ಯಾಟರಿ. ಬ್ಯಾಟರಿಗೆ ಒಂದು ಮಲ್ಟಿಮೀಟರ್ ಇದ್ದರೆ ಸಾಕು. ಬಂದ್ ಇದ್ದಾಗ 12.5 ವೋಲ್ಟ್ ಆಸುಪಾಸು, ಇಂಜಿನ್ ಓಡುವಾಗ ಸುಮಾರು 14 ತೋರಿಸಿದರೆ ಚಾರ್ಜಿಂಗ್ ಸರಿ ಇದೆ. ಬಿಎಸ್-6 ಗಾಡಿಯವರಿಗೆ ಇನ್ನೊಂದು ಮಾತು: ಟ್ಯಾಂಕ್ ಪೂರ್ತಿ ಒಣಗಿಸಬೇಡಿರಿ. ಪೆಟ್ರೋಲ್ ಪಂಪು ಟ್ಯಾಂಕಿನೊಳಗೇ ಇರುತ್ತದೆ, ಪೆಟ್ರೋಲೇ ಅದನ್ನು ತಣ್ಣಗಿಡುತ್ತದೆ. ದಿನಾ ಐವತ್ತು ರೂಪಾಯಿ ಪೆಟ್ರೋಲ್ ಹಾಕಿ ಓಡಿಸುವ ಚಾಳಿ ಕಾರ್ಬೋರೇಟರ್ ಕಾಲಕ್ಕೆ ನಡೆಯಿತು, ಈಗ ತುಟ್ಟಿ ಬೀಳುತ್ತದೆ.

ಹೊಳೆ ಬಂದಾಗ

ನಾವು ಕೃಷ್ಣೆಯ ದಂಡೆಯ ಜನ. ಹಿಪ್ಪರಗಿ ಬ್ಯಾರೇಜಿನ ಗೇಟು ತೆಗೆದರು ಅಂದರೆ ಮನೆಯ ಸಾಮಾನು ಎತ್ತಿಡುವುದು ನಮಗೆ ಹೊಸದಲ್ಲ. 2019ರ ಆಗಸ್ಟಿನ ಪ್ರವಾಹವನ್ನು ಯಾರೂ ಮರೆತಿಲ್ಲ. ಅಂಥ ಹೊತ್ತಿನಲ್ಲಿ ದನ, ಕಾಳು, ಕಾಗದಪತ್ರ ಉಳಿಸುವುದೇ ಕಷ್ಟ. ಗಾಡಿ ನೀರಲ್ಲೇ ನಿಲ್ಲುತ್ತದೆ. ಅದಕ್ಕೇ ಇದನ್ನು ಗ್ಯಾರೇಜಿನ ಹುಡುಗರಷ್ಟೇ ಅಲ್ಲ, ಪ್ರತಿ ಮನೆಯವರೂ ನೆನಪಿಡಬೇಕು.

ನೀರು ಇಳಿದ ಮೇಲೆ ಗಾಡಿಯನ್ನು ಸ್ಟಾರ್ಟ್ ಮಾಡಲು ಹೋಗಬೇಡಿರಿ. ಕೀಲಿಯನ್ನೂ ತಿರುಗಿಸಬೇಡಿರಿ. ಗಾಳಿಯನ್ನು ಒತ್ತಿದರೆ ಕುಗ್ಗುತ್ತದೆ, ನೀರು ಕುಗ್ಗುವುದಿಲ್ಲ. ಸಿಲಿಂಡರಿನಲ್ಲಿ ನೀರಿದ್ದಾಗ ಸೆಲ್ಫ್ ಒತ್ತಿದರೆ ಒಳಗಿನ ಕನೆಕ್ಟಿಂಗ್ ರಾಡ್ ಬಾಗಬಹುದು. ಮೊದಲು ಬ್ಯಾಟರಿಯ ವೈರ್ ಬಿಚ್ಚಬೇಕು. ಪ್ಲಗ್ ತೆಗೆದು ಇಂಜಿನ್ನನ್ನು ನಿಧಾನವಾಗಿ ಕೈಯಿಂದ ತಿರುಗಿಸಿ ನೀರು ಹೊರಹಾಕಬೇಕು. ಆಯಿಲ್ ಇಳಿಸಬೇಕು. ಹಾಲು ಹಾಕಿದ ಚಹಾದ ಬಣ್ಣ ಬಂದಿದ್ದರೆ ನೀರು ಸೇರಿದೆ ಅಂತ ತಿಳಿಯಿರಿ. ಹೊಸ ಆಯಿಲ್ ಹಾಕಿ ಸ್ವಲ್ಪ ಓಡಿಸಿ ಮತ್ತೊಮ್ಮೆ ಬದಲಿಸಬೇಕು. ಏರ್ ಫಿಲ್ಟರ್, ಟ್ಯಾಂಕ್, ಬ್ರೇಕ್, ಬೇರಿಂಗ್, ವೈರಿಂಗ್ ಎಲ್ಲ ಬಿಚ್ಚಿ ಒಣಗಿಸಬೇಕು. ಪೂರ್ತಿ ವಿಮೆ ಇದ್ದವರು ಇದಕ್ಕೆಲ್ಲ ಕೈ ಹಚ್ಚುವ ಮೊದಲು ಫೋಟೊ ತೆಗೆದು ವಿಮಾ ಕಂಪನಿಗೆ ತಿಳಿಸಬೇಕು. ಬರೀ ಥರ್ಡ್ ಪಾರ್ಟಿ ವಿಮೆ ಇದ್ದರೆ ನೀರಿನ ನಷ್ಟ ಸಿಗುವುದಿಲ್ಲ, ಅದನ್ನೂ ಮೊದಲೇ ತಿಳಿದಿರಿ. ಒಂದು ಊರಿನಲ್ಲಿ ಇಷ್ಟು ಬಲ್ಲ ಇಬ್ಬರು ಹುಡುಗರಿದ್ದರೆ ಹೊಳೆ ಬಂದ ವರ್ಷ ಎಷ್ಟು ಬಡವರ ಗಾಡಿ ಉಳಿದೀತು, ನೀವೇ ಲೆಕ್ಕ ಹಾಕಿರಿ.

ಗಿರಾಕಿಯ ಗಾಡಿ ಅಮಾನತ್

ಈ ಕಸುಬಿನಲ್ಲಿ ಕೈಯಷ್ಟೇ ನಿಯತ್ತೂ ಬೇಕು. ಗಿರಾಕಿ ತನ್ನ ಗಾಡಿ ಬಿಟ್ಟು ಹೋದಾಗ ಅದು ನಮ್ಮ ಕೈಯಲ್ಲಿ ಅಮಾನತ್. ಬದಲಿಸಿದ ಹಳೆಯ ಸಾಮಾನನ್ನು ಅವನ ಕೈಗೆ ಕೊಟ್ಟು ತೋರಿಸಬೇಕು. ಹಾಕದ ಸಾಮಾನಿಗೆ ಬಿಲ್ ಬರೆಯಬಾರದು. ಬ್ರೇಕ್ ನಟ್ಟು ಬಿಗಿಯದೇ ಕಳಿಸಿದ ಗಾಡಿಯ ಮೇಲೆ ಒಬ್ಬ ತಂದೆ, ಒಬ್ಬ ತಾಯಿ, ನಡುವೆ ಒಂದು ಕೂಸು ಕೂತಿರುತ್ತದೆ.

ಹೊಸಬರ ಮೈಯ ಸುರಕ್ಷತೆಯೂ ಮುಖ್ಯ. ಷಟರ್ ಮುಚ್ಚಿ ಒಳಗೆ ಇಂಜಿನ್ ಓಡಿಸಬಾರದು, ಹೊಗೆಯಲ್ಲಿ ವಿಷಗಾಳಿ ಇರುತ್ತದೆ. ಬ್ರೇಕ್ ಡ್ರಮ್ಮಿನ ಧೂಳನ್ನು ಬಾಯಿಂದ ಊದಬಾರದು. ಪೆಟ್ರೋಲಿನಲ್ಲಿ ಕೈ ತೊಳೆಯಬಾರದು. ಹಳೆಯ ಆಯಿಲನ್ನು ಗಟಾರಕ್ಕೆ ಚೆಲ್ಲಬಾರದು. ಗಟಾರದ್ದು ಹಳ್ಳಕ್ಕೆ, ಹಳ್ಳದ್ದು ಹೊಳೆಗೆ, ಹೊಳೆಯದ್ದು ನಮ್ಮ ಕೊಡಕ್ಕೇ ಬರುತ್ತದೆ.

ತಾಯಿ-ತಂದೆಯರಿಗೆ ಕಾನೂನಿನ ಮಾತು. 14 ವರ್ಷದೊಳಗಿನ ಮಗುವನ್ನು ಗ್ಯಾರೇಜಿನಲ್ಲಿ ದುಡಿಸುವುದು ಅಪರಾಧ. ಶಾಲೆ ಬಿಡಿಸಿ ತಂದ ಹುಡುಗನನ್ನು ಯಾವ ಒಳ್ಳೆಯ ಉಸ್ತಾದನೂ ಇಟ್ಟುಕೊಳ್ಳಬಾರದು. ಹಾಗೆಯೇ ಗೇರ್ ಗಾಡಿಯ ಲೈಸೆನ್ಸಿಗೆ 18 ತುಂಬಬೇಕು. "ಟ್ರಯಲ್ ಹೊಡೆದು ಬಾ" ಅಂತ ಸಣ್ಣ ಹುಡುಗನ ಕೈಗೆ ಗಾಡಿ ಕೊಡಬಾರದು. 2019ರ ತಿದ್ದುಪಡಿಯ ಪ್ರಕಾರ ಅಪ್ರಾಪ್ತನು ಗಾಡಿ ಓಡಿಸಿ ಸಿಕ್ಕಿಬಿದ್ದರೆ ಪಾಲಕರಿಗೆ ಅಥವಾ ಗಾಡಿಯ ಮಾಲೀಕರಿಗೆ 25,000 ರೂಪಾಯಿ ದಂಡ ಮತ್ತು 3 ವರ್ಷದವರೆಗೆ ಜೈಲು ಇದೆ.

ದಾರಿ ಮುಚ್ಚಿಲ್ಲ

ಎಸ್ಸೆಸ್ಸೆಲ್ಸಿ ಪಾಸಾದವರಿಗೆ ಐಟಿಐಯಲ್ಲಿ ಮೆಕ್ಯಾನಿಕ್ ಮೋಟರ್ ವೆಹಿಕಲ್ ಎಂಬ ಎರಡು ವರ್ಷದ ಟ್ರೇಡ್ ಇದೆ. ಮುಗಿಸಿದರೆ ದೇಶದಲ್ಲೆಲ್ಲ ನಡೆಯುವ ಪ್ರಮಾಣಪತ್ರ ಸಿಗುತ್ತದೆ. ಅಲ್ಲಿಗೇ ನಿಲ್ಲಬೇಕಾಗಿಲ್ಲ. ಎರಡು ವರ್ಷದ ಐಟಿಐ ಮಾಡಿದವರು ಡಿಪ್ಲೊಮಾದ ಎರಡನೇ ವರ್ಷಕ್ಕೆ ನೇರವಾಗಿ ಸೇರಬಹುದು, ಡಿಪ್ಲೊಮಾ ಮುಗಿಸಿದವರು ಇಂಜಿನಿಯರಿಂಗಿನ ಎರಡನೇ ವರ್ಷಕ್ಕೆ ಸೇರಬಹುದು. 1961ರ ಅಪ್ರೆಂಟಿಸ್ ಕಾಯ್ದೆಯ ಪ್ರಕಾರ ಕಂಪನಿಗಳಲ್ಲಿ ಸ್ಟೈಪೆಂಡ್ ಪಡೆದು ಕೆಲಸ ಕಲಿಯುವ ಅವಕಾಶವೂ ಇದೆ.

ಓದು ಅರ್ಧಕ್ಕೆ ನಿಂತು 18 ತುಂಬಿದವರಿಗೆ ಇನ್ನೊಂದು ದಾರಿ. 1982ರಲ್ಲಿ ಉಜಿರೆಯಲ್ಲಿ ಧರ್ಮಸ್ಥಳದ ಟ್ರಸ್ಟ್ ಮತ್ತು ಎರಡು ಬ್ಯಾಂಕುಗಳು ಸೇರಿ ರುಡ್‌ಸೆಟಿ ಅಂತ ಸಂಸ್ಥೆ ಕಟ್ಟಿದವು. ಹಳ್ಳಿಯ ನಿರುದ್ಯೋಗಿ ಯುವಕರಿಗೆ ಊಟ-ವಸತಿ ಕೊಟ್ಟು, ಹಣ ತೆಗೆದುಕೊಳ್ಳದೆ ಕಸುಬು ಕಲಿಸುವುದು ಅದರ ಕೆಲಸ. ಆ ಮಾದರಿಯನ್ನೇ ಹಿಡಿದು ಇಂದು ದೇಶದ ಜಿಲ್ಲೆಗಳಲ್ಲಿ ಬ್ಯಾಂಕುಗಳು ಆರ್‌ಸೆಟಿ ಕೇಂದ್ರ ನಡೆಸುತ್ತಿವೆ. ದ್ವಿಚಕ್ರ ವಾಹನ ದುರಸ್ತಿಯೂ ಅವರ ಕೋರ್ಸುಗಳಲ್ಲಿ ಒಂದು. ಮುಂದಿನ ತಂಡ ಯಾವಾಗ ಅಂತ ಕೇಂದ್ರಕ್ಕೆ ಹೋಗಿ ವಿಚಾರಿಸಿರಿ. ಒಂದು ತರಬೇತಿಯಲ್ಲಿ ಪೂರ್ತಿ ಮಿಸ್ತ್ರಿ ಆಗುವುದಿಲ್ಲ, ಆದರೆ "ಯಾಕೆ" ಅಂತ ಕೇಳಲು ಕಲಿತು ಬರುತ್ತಾನೆ. ಆಮೇಲೆ ಯಾವ ಗ್ಯಾರೇಜಿನಲ್ಲಿ ನಿಂತರೂ ಅವನ ಕಲಿಕೆ ಬೇಗ.

ಹೆಣ್ಣುಮಕ್ಕಳ ತಾಯಂದಿರೂ ಕೇಳಿರಿ. ಇವತ್ತು ವಿದ್ಯಾರ್ಥಿವೇತನ ಪಡೆದ ಎಷ್ಟೋ ಹುಡುಗಿಯರು ಸ್ಕೂಟರಿನಲ್ಲಿ ಜಮಖಂಡಿಗೆ, ಮುಧೋಳಕ್ಕೆ ಕಾಲೇಜಿಗೆ ಹೋಗುತ್ತಾರೆ. ಮನೆ ಬಿಡುವ ಮುಂಚೆ ಟೈರು ಒತ್ತಿ ನೋಡುವುದು, ಎರಡೂ ಬ್ರೇಕ್ ಹಿಡಿದು ನೋಡುವುದು, ಲೈಟು, ಇಂಡಿಕೇಟರ್, ಪೆಟ್ರೋಲ್ ನೋಡುವುದು ಎರಡು ನಿಮಿಷದ ಕೆಲಸ. ಗಾಡಿ ನಿಂತರೆ ಏನಾಗಿರಬಹುದು ಅಂತ ತಿಳಿದ ಮಗಳು ಸಂಜೆ ರಸ್ತೆಯಲ್ಲಿ ಹೆದರಿ ನಿಲ್ಲುವುದಿಲ್ಲ. ಅವಳಿಗೂ ಈ ಪಾಠ ಬೇಕು. ಇಷ್ಟವಿದ್ದರೆ ಇಡೀ ಕಸುಬೇ ಕಲಿಯಲಿ, ಪಾನಾಕ್ಕೆ ಗಂಡು ಹೆಣ್ಣು ಗೊತ್ತಿಲ್ಲ.

ದಾನಿಗಳಲ್ಲಿ ವಿನಂತಿ

ಈಗ ದಾನಿಗಳಿಗೆ ಮತ್ತು ಟ್ರಸ್ಟಿನ ಹಿರಿಯರಿಗೆ ನನ್ನ ಮೂರು ವಿನಂತಿ.

ಮೊದಲನೆಯದು, ಮುಂದಿನ ವರ್ಷದ ವಿದ್ಯಾರ್ಥಿವೇತನದ ಪ್ರಕಟಣೆಯಲ್ಲಿ ಡಿಗ್ರಿ, ಡಿಪ್ಲೊಮಾದ ಸಾಲಿನಲ್ಲೇ ಐಟಿಐ ಮತ್ತು ಕಸುಬಿನ ತರಬೇತಿಯನ್ನೂ ದೊಡ್ಡ ಅಕ್ಷರದಲ್ಲಿ ಬರೆಯಿರಿ. ಫೀಸು, ಬಸ್ ಪಾಸು, ಪುಸ್ತಕ, ಸಮವಸ್ತ್ರ ಅವರಿಗೂ ಬೇಕು. ಬರೆದಿರದಿದ್ದರೆ ಆ ತಾಯಿ-ತಂದೆ ಅರ್ಜಿ ಹಾಕಲೇ ನಾಚುತ್ತಾರೆ.

ಎರಡನೆಯದು, ತರಬೇತಿ ಮುಗಿಸಿದ ಹುಡುಗನಿಗೆ ಒಂದು ಸಾಮಾನಿನ ಪೆಟ್ಟಿಗೆ ಕೊಡಿರಿ. 8, 10, 12, 14, 17ರ ಪಾನಾಗಳು, ಸಾಕೆಟ್ ಸೆಟ್, ಪ್ಲಗ್ ಪಾನಾ, ಸ್ಕ್ರೂಡ್ರೈವರ್, ಪಕ್ಕಡ್, ಫೀಲರ್ ಗೇಜ್, ಮಲ್ಟಿಮೀಟರ್, ಗಾಳಿ ಅಳೆಯುವ ಗೇಜ್. ಒಂದು ಸಾಧಾರಣ ಮೊಬೈಲಿನ ಬೆಲೆಯಲ್ಲಿ ಈ ಪೆಟ್ಟಿಗೆ ತುಂಬುತ್ತದೆ. ಕೈಗೆ ಸ್ವಂತ ಪಾನಾ ಬಂದವನು ಆಳಾಗಿ ಉಳಿಯುವುದಿಲ್ಲ. ಅಂಗಡಿ ಹಾಕುವ ಹಂತಕ್ಕೆ ಬಂದವರಿಗೆ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ಶ್ರಮಶಕ್ತಿಯಂಥ ಸಾಲದ ಯೋಜನೆಗಳಿವೆ. ಅರ್ಜಿ ತುಂಬಲು, ಕಾಗದ ಕೂಡಿಸಲು ಟ್ರಸ್ಟಿನವರು ಕೈ ಹಿಡಿದರೆ ಸಾಕು.

ಮೂರನೆಯದು ಹಣದ ಮಾತಲ್ಲ. ವರ್ಷಕ್ಕೊಮ್ಮೆ, ಮಳೆಗಾಲದ ಮುಂಚೆ, ಈ ಅಂಗಳದಲ್ಲೇ ಒಂದು ದಿನದ ಗಾಡಿ ಶಿಬಿರ ಮಾಡೋಣ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ನಾಲ್ಕೂ ತಾಲ್ಲೂಕಿನ ಉಸ್ತಾದರು ಬರಲಿ. ಯಾವ ಜಾತಿ, ಯಾವ ಧರ್ಮದವರ ಗಾಡಿಯಾದರೂ ಬ್ರೇಕ್, ಚೈನ್, ಲೈಟ್ ನೋಡಿ ಕೊಡೋಣ, ಕಲಿಯುವ ಮಕ್ಕಳು ಪಕ್ಕದಲ್ಲಿ ನಿಂತು ಕಲಿಯಲಿ. ನನ್ನ ಪಾಲಿನ ದಿನ ಮತ್ತು ನನ್ನ ಪೆಟ್ಟಿಗೆ ಈಗಲೇ ಬರೆದುಕೊಳ್ಳಿರಿ.

ತಾಯಂದಿರಿಗೆ ಕೊನೆಯ ಮಾತು. ನಿಮ್ಮ ಮಗ ಸಂಜೆ ಕೈ ತುಂಬ ಕರಿ ಮಾಡಿಕೊಂಡು ಬಂದರೆ, "ಏನು ಕಲಿತಿ ಇವತ್ತ?" ಅಂತ ಒಂದು ಮಾತು ಕೇಳಿರಿ. ಕಾಲೇಜಿಗೆ ಹೋದವನಿಗೆ ಕೇಳುತ್ತೀರಲ್ಲ, ಹಾಗೆ. ಹೇಳಲು ಅವನ ಬಳಿ ಉತ್ತರ ಇದ್ದರೆ ಅವನು ಓದುತ್ತಿದ್ದಾನೆ. ಉತ್ತರ ಇಲ್ಲದಿದ್ದರೆ ಮರುದಿನ ಅವನ ಉಸ್ತಾದನನ್ನು ಹೋಗಿ ಕೇಳಿರಿ. ಕೇಳುವ ಹಕ್ಕು ನಿಮಗಿದೆ.

ಅಲ್ಲಾಹು ದಾನಿಗಳ ದುಡಿಮೆಯಲ್ಲಿ ಬರಕತ್ ಕೊಡಲಿ, ಮಕ್ಕಳ ಕೈಗೂ ತಲೆಗೂ ಸಮನಾಗಿ ಬಲ ಕೊಡಲಿ.